ಎಸೆದ ಗೆಣಸು

ತ್ಸುಶಿಮಾ ದ್ವೀಪ
ನವೆಂಬರ್ 15, 1981

ಹಾತ್ಸುಯೊ ಅಕ್ಕನಿಗೆ,

ನಿನ್ನ ಕಾಗದ ಬಂತು. ನೂಡಲ್ಸ್ ಅಂಗಡಿಯ ಮೇಲಿನ ಕೋಣೆ ಖಾಲಿ ಇದೆ, ಅಡುಗೆಗೆ ಒಂದು ಕೈ ಬೇಕು, ಬಾ ಎಂದು ಬರೆದಿದ್ದೀಯ. ಒಲೆಯ ಮುಂದೆ ನಿಂತೇ ಎರಡು ಸಲ ಓದಿಕೊಂಡೆ. ಬರುತ್ತೇನೆ ಅಕ್ಕ. ಮದುವೆಯಾಗಿ ಈ ದ್ವೀಪಕ್ಕೆ ಹೊರಟ ದಿನ ಹಕಾತಾ ಬಂದರಿನಲ್ಲಿ ನಿಂತು ನೀನು, 'ಆ ಗಾಳಿಬಂಡೆ ಮೇಲೆ ಎಷ್ಟು ದಿನ ಬಾಳ್ತೀಯೋ ನಾನೂ ನೋಡ್ತೀನಿ' ಎಂದಿದ್ದೆ. ನೋಡಿದ್ದಾಯಿತಲ್ಲ, ಇನ್ನು ಹಂಗಿಸಬೇಡ.

ಗಂಡ ಎನಿಸಿಕೊಂಡ ಶಿಗೆಹಿಸಾ ಜೊತೆಗಿದ್ದಾಗ ಪೇಟೆಯಲ್ಲಿ ಬಾಡಿಗೆ ಮನೆಯಿತ್ತು, ಸಿನಿಮಾ ಇತ್ತು, ಮಾತಿಗೆ ಜನ ಇದ್ದರು. ಅವನು ವಸಂತದಲ್ಲಿ ಮೀನಿನ ದೋಣಿ ಬಿಟ್ಟು ಒಸಾಕಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. 'ಅಲ್ಲಿವರೆಗೆ ಅಮ್ಮನ ಜೊತೆ ಇರು' ಎಂದು ನನ್ನನ್ನು ಈ ಹಳ್ಳಿಗೆ ತಂದು ಬಿಟ್ಟ. 'ಅಲ್ಲಿವರೆಗೆ' ಎಂದರೆ ಎಲ್ಲಿವರೆಗೆ ಎಂದು ನಾನು ಕೇಳಲಿಲ್ಲ. ಮೊದಲು ಕಾಗದ ಬರುತ್ತಿತ್ತು. ಆಮೇಲೆ ಬರೀ ಹಣ ಬಂತು. ಈಗ ಅದೂ ಅತ್ತೆಯ ಹೆಸರಿಗೆ ಬರುತ್ತದೆ. ನಾನು ಯಾರ ಹೆಂಡತಿ ಎಂಬುದು ಮರೆತುಹೋಗಿ, ಯಾರ ಸೊಸೆ ಎಂಬುದಷ್ಟೇ ಉಳಿದಿದೆ.

ಕಿಯೊ ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಂದೋ ಗಂಟುಮೂಟೆ ಕಟ್ಟುತ್ತಿದ್ದೆ. ಮಾತಾಡುವುದಿಲ್ಲ, ಅಷ್ಟೆ. ನಿನ್ನೆ ಇಡೀ ದಿನಕ್ಕೆ ಅವರು ಆಡಿದ ಮಾತು, 'ಗಾಳಿ ತಿರುಗ್ತು.' ಹಿಂದೆ ಗುಡ್ಡ, ಮುಂದೆ ಸಮುದ್ರ, ನಡುವೆ ಬೆರಳೆಣಿಕೆಯ ಮನೆಗಳು. ಬಟ್ಟೆ ಒಣಹಾಕಿದರೆ ಯಾವುದರಲ್ಲಿ ತೂತಿದೆ ಎಂದು ಊರಿಗೇ ಗೊತ್ತಾಗುತ್ತದೆ. ಮೀನುಗಾರರ ಸಂಘದಲ್ಲಿ ಒಂದೇ ಒಂದು ಫೋನ್, ಅದರ ಸುತ್ತ ಐದಾರು ಕಿವಿ. ಆದ್ದರಿಂದ ನೀನೂ ಫೋನ್ ಮಾಡಬೇಡ, ಬರೆ.

ಡಿಸೆಂಬರ್ ಮೊದಲ ಭಾನುವಾರದ ಹಡಗಿಗೆ ಬರುತ್ತೇನೆ. ಕದ್ದು ಓಡಿಬರುವುದಿಲ್ಲ, ಅತ್ತೆಗೆ ಹೇಳಿಯೇ ಹೊರಡುತ್ತೇನೆ.

ನಿನ್ನ ತಂಗಿ,
ಸುಮಿಯೆ

---

ಹಕಾತಾ
ನವೆಂಬರ್ 24, 1981

ಸುಮಿ,

ಕೋಣೆ ಗುಡಿಸಿಟ್ಟಿದ್ದೇನೆ. ಕಿಟಕಿಗೆ ಹೊಸ ಕಾಗದ ಅಂಟಿಸಿದ್ದೂ ಆಯಿತು. ನಿನ್ನ ಭಾವ, 'ನಾದಿನಿ ಬಂದರೆ ನನಗೆ ಬೈಯೋರು ಇಬ್ಬರಾಗ್ತಾರೆ' ಎಂದು ಗೊಣಗುತ್ತಿದ್ದಾರೆ, ಗೊಣಗಲಿ.

ಹೇಳಿ ಹೊರಡುತ್ತೇನೆ ಎಂದದ್ದು ಸರಿ. ಆದರೆ ಹೇಳಿದ ಮೇಲೆ ಕೂತು ಅಳುತ್ತಾ ಉಳಿಯಬೇಡ. ಒಂದು ಮಾತು. ಮನೆ ಚೊಕ್ಕಟ ಮಾಡಿ ಬಾ. ಅಮ್ಮ ಹೇಳುತ್ತಿದ್ದದ್ದು ನೆನಪಿದೆಯಲ್ಲ, ಹಾರಿಹೋಗುವ ಹಕ್ಕಿ ಕೊಳದ ನೀರು ಕದಡಬಾರದು ಅಂತ. 'ಓಡಿಹೋದಳು' ಎಂದು ಆ ಊರಿನವರು ಆಡಿಕೊಳ್ಳಲಿ, 'ಗಲೀಜು ಬಿಟ್ಟುಹೋದಳು' ಎಂದು ಮಾತ್ರ ಆಡಬಾರದು.

ಹಾತ್ಸುಯೊ

---

ಡಿಸೆಂಬರ್ 10, 1981

ಅಕ್ಕ,

ಬಂದರಿನಲ್ಲಿ ಕಾದು ಕಾದು ನನಗೆ ಶಾಪ ಹಾಕಿರುತ್ತೀಯ. ಹಾಕು. ಆದರೆ ಅರ್ಧ ಶಾಪ ನಿನಗೂ ತಟ್ಟಬೇಕು, ಚೊಕ್ಕಟ ಮಾಡು ಎಂದವಳು ನೀನು.

ಶುಕ್ರವಾರ ಊಟದ ಹೊತ್ತಿಗೆ ಅತ್ತೆಗೆ ಹೇಳಿದೆ. ಅವರು ಬಟ್ಟಲಿನಿಂದ ತಲೆ ಎತ್ತದೆ 'ಹೂಂ' ಎಂದರು. ಶನಿವಾರ ಅವರು ಸೌದೆಗೆ ಗುಡ್ಡ ಹತ್ತಿದರು. ನಾನು ಸೊಂಟಕ್ಕೆ ಬಟ್ಟೆ ಬಿಗಿದೆ. ನೆಲ ಒರೆಸಿದೆ, ಒಲೆ ಬಳಿದೆ, ಪಾಯಖಾನೆ ತೊಳೆದೆ, ಬಾಗಿಲ ಸಂದಿಯ ಮರಳನ್ನೂ ಕಡ್ಡಿಯಿಂದ ಕೆದಕಿ ತೆಗೆದೆ. ಕೊನೆಗೆ ಹಿತ್ತಲಿಗೆ ಹೋದೆ. ಅಲ್ಲಿ ಕಣಜದ ಹಿಂದೆ ಹುಲ್ಲುಚಾಪೆಗಳ ಮೇಲೆ ಹೆಚ್ಚಿದ ಗೆಣಸು ಹರಡಿತ್ತು. ಕಪ್ಪಗೆ ಕೊಳೆತು, ಬೂಷ್ಟು ಹಿಡಿದು, ಮೂಗು ಬಿಡಲಾಗದಷ್ಟು ನಾರುತ್ತಿತ್ತು. ಪಾಪ, ವಯಸ್ಸಾಯಿತು, ಒಣಗಿಸಲು ಹಾಕಿ ಮರೆತಿದ್ದಾರೆ, ನಾಳೆ ನಾನು ಹೋದ ಮೇಲೆ ಇದನ್ನು ಎತ್ತುವವರು ಯಾರು ಎಂದುಕೊಂಡೆ. ಬುಟ್ಟಿಗೆ ತುಂಬಿ ತುಂಬಿ ಹೊತ್ತು ಬಂಡೆಯ ಮೇಲಿಂದ ಸಮುದ್ರಕ್ಕೆ ಎಸೆದೆ. ಚಾಪೆಗಳನ್ನು ಉಜ್ಜಿ ತೊಳೆದು ಬೇಲಿಗೆ ಹಾಕಿದೆ. ನನ್ನ ಕೆಲಸಕ್ಕೆ ನಾನೇ ಶಭಾಸ್ ಎಂದುಕೊಂಡೆ.

ಅತ್ತೆ ಬಂದರು. ಬೆನ್ನ ಮೇಲಿನ ಸೌದೆ ಇಳಿಸದೆ ಬೇಲಿಯ ಮೇಲಿನ ಚಾಪೆಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಒಳಗೆ ಹೋದರು.

ನನಗೆ ವಿಷಯ ತಿಳಿದದ್ದು ಪಕ್ಕದ ಮನೆಯ ಮಾತ್ಸು ಚಿಕ್ಕಮ್ಮನಿಂದ. ಅವಳು ಬೇಲಿಯ ಬಳಿ ನಿಂತು ಎದೆ ಮೇಲೆ ಕೈ ಇಟ್ಟುಕೊಂಡಳು.

'ಏನ್ ಮಾಡ್ದೆ ಮಾರಾಯ್ತಿ? ಅದು ಕಸ ಅಲ್ಲ ಕಣೇ. ಅದು ಸೆನ್.'

'ಸೆನ್ ಅಂದ್ರೆ?'

'ಗೆಣಸನ್ನ ಬೇಕು ಅಂತ್ಲೇ ಕೊಳೆಸೋದು. ಕೊಳೆಸಿ, ಕುಟ್ಟಿ, ಒಣಗಿಸಿ, ತೊಳ್ದು ಹಿಟ್ಟು ತೆಗೆಯೋದು. ಒಂದು ಚಳಿಗಾಲ ಪೂರ್ತಿ ಬೇಕು. ಕಿಯೊ ನಿನ್ನ ಕೈಲಿ ಹೇಳ್ಲಿಲ್ವಾ?'

ಕಿಯೊ ಏನನ್ನು ಹೇಳಿದ್ದಾರೆ, ಇದನ್ನು ಹೇಳಲು. ಒಳಗೆ ಓಡಿ ನೆಲಕ್ಕೆ ಹಣೆ ಹಚ್ಚಿದೆ. ಅತ್ತೆ ಹೇಳಿದ್ದು ಇಷ್ಟೇ, 'ಆಗಿದ್ದಾಯ್ತು. ನಿಂದು ನಾಳೆ ಬೆಳಿಗ್ಗೆ ಬಸ್ಸಲ್ವಾ?'

ಭಾನುವಾರ ಪೆಟ್ಟಿಗೆ ಹಿಡಿದು ಬಸ್ಸಿಗೆ ನಿಂತೆ. ನಿಂತಲ್ಲಿಂದ ಮಾತ್ಸು ಚಿಕ್ಕಮ್ಮನ ಬಾಗಿಲು ಕಾಣುತ್ತದೆ. ಅಲ್ಲಿ ಅತ್ತೆ ಬೆನ್ನಿಗೆ ಖಾಲಿ ಬುಟ್ಟಿ ಹಾಕಿಕೊಂಡು ಬಾಗಿ ನಿಂತಿದ್ದರು. ಪುಡಿ ಗೆಣಸು, ಹುಳ ತಿಂದ ಗೆಣಸು ಏನಾದರೂ ಇದ್ದರೆ ಕೊಡಿ ಎಂದು ಕೇಳುತ್ತಿದ್ದರು. ಅಲ್ಲಿಂದ ಮುಂದಿನ ಮನೆಗೆ ಹೋದರು. ಅಲ್ಲೂ ಬಾಗಿದರು.

ಬಸ್ಸು ಬಂತು, ಹೋಯಿತು. ನಾನು ಆ ಬುಟ್ಟಿಯನ್ನು ಅವರ ಬೆನ್ನಿಂದ ಇಳಿಸಿ ನನ್ನ ಬೆನ್ನಿಗೆ ಹಾಕಿಕೊಂಡೆ. ಇದೊಂದು ಮುಗಿಸಿಕೊಟ್ಟು ಬರುತ್ತೇನೆ ಅಕ್ಕ. ಕೋಣೆ ಹಿಡಿದಿಡು.

ಸುಮಿಯೆ

---

ಡಿಸೆಂಬರ್ 17, 1981

ಸುಮಿ,

ಕೊಳೆತ ಗೆಣಸಿಗಾಗಿ ಜೈಲಿಗೆ ಹೋದವಳು ಜಪಾನ್ ದೇಶದಲ್ಲೇ ನೀನೊಬ್ಬಳು ಇರಬೇಕು.

ಹಕಾತಾ ಮಾರುಕಟ್ಟೆಯಿಂದ ಗೆಣಸಿನ ಹಿಟ್ಟು ಮೂಟೆಗಟ್ಟಲೆ ಕಳಿಸುತ್ತೇನೆ, ಆ ಮುದುಕಿಯ ಮುಂದೆ ಸುರಿದು ಹಡಗು ಹತ್ತು. ವರ್ಷದ ಕೊನೆಯ ವಾರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಎಂದು ನಿನಗೂ ಗೊತ್ತು. ನನಗೆ ಈಗ ಕೈ ಬೇಕು. ನಿನ್ನ ಭಾವನ ಸೊಂಟ ಮತ್ತೆ ಹಿಡಿದುಕೊಂಡಿದೆ. ನಾನು ಹಗಲೆಲ್ಲ ನಿಂತೇ ಇರುತ್ತೇನೆ. ನಿನಗೆ ಮಾತ್ರವೇ ಕಷ್ಟ ಎಂದುಕೊಳ್ಳಬೇಡ.

ಹಾತ್ಸುಯೊ

---

ಜನವರಿ 12, 1982

ಅಕ್ಕ,

ಹಿಟ್ಟು ಕಳಿಸಬೇಡ. 'ಅಂಗಡಿ ಹಿಟ್ಟು ಬರುತ್ತಂತೆ' ಎಂದು ಅತ್ತೆಗೆ ಹೇಳಿನೋಡಿದೆ. ಅವರು ನನ್ನ ಮುಖ ನೋಡಿದ ರೀತಿಗೆ ನಾನೇ ಆ ಮಾತನ್ನು ವಾಪಸು ನುಂಗಿದೆ.

ಊರೆಲ್ಲ ಬೇಡಿ ತಂದ ಗೆಣಸನ್ನು ಹೆಚ್ಚಿ ಹರಿಯುವ ನೀರಿನಲ್ಲಿ ನೆನೆಹಾಕಿದ್ದಾಯಿತು. ಈಗ ಚಾಪೆಯ ಮೇಲೆ ಕೊಳೆಯುತ್ತಿದೆ. ಕೊಳೆಯುವುದನ್ನು ಕಾಯುವುದೇ ಕೆಲಸ. ಬೆಳಿಗ್ಗೆ ಎದ್ದು ಬೂಷ್ಟು ಸರಿಯಾಗಿ ಬಂದಿದೆಯೇ ಎಂದು ಮೂಸಿ ನೋಡುತ್ತೇನೆ. ಮಳೆ ಬಂದರೆ ಮುಚ್ಚುತ್ತೇನೆ, ನಿಂತರೆ ತೆರೆಯುತ್ತೇನೆ. ಮಗುವನ್ನಾದರೂ ಒಂದು ಗಳಿಗೆ ಪಕ್ಕದ ಮನೆಯಲ್ಲಿ ಬಿಡಬಹುದು. ಇದನ್ನು ಬಿಡುವ ಹಾಗಿಲ್ಲ. ಈ ದ್ವೀಪದಲ್ಲಿ ಗೆಣಸಿಗೆ ಏನೆನ್ನುತ್ತಾರೆ ಗೊತ್ತೇ? ಹೆತ್ತವರ ಸೇವೆಯ ಗೆಣಸು. ಬರಗಾಲದಲ್ಲಿ ಮಕ್ಕಳು ಇದನ್ನೇ ಬೇಯಿಸಿ ಹಾಕಿ ಅಪ್ಪ ಅಮ್ಮನನ್ನು ಉಳಿಸಿಕೊಂಡರಂತೆ. ಹೆತ್ತ ಮಗ ಒಸಾಕಾದಲ್ಲಿದ್ದಾನೆ, ಸೇವೆ ನನ್ನ ಪಾಲಿಗೆ ಬಂದಿದೆ.

ಹೊಸ ವರ್ಷಕ್ಕೆ ಅವನು ಬರುತ್ತಾನೆ ಎಂದುಕೊಂಡಿದ್ದೆ. ಸುಳ್ಳು ಯಾಕೆ, ಹೊಸ ಜಾಕೀಟು ತೆಗೆದಿಟ್ಟಿದ್ದೆ. ಎರಡನೆಯ ದಿನ ಸಂಘದ ಮೈಕಿನಲ್ಲಿ ಕೂಗಿದರು, 'ಅಬಿರು ಕಿಯೊ ಅವರಿಗೆ ಒಸಾಕಾದಿಂದ ಫೋನ್.' ಕಿಯೊ ಅವರಿಗೆ, ನನಗಲ್ಲ. ಅತ್ತೆ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನದು ಮೆಟ್ಟಿಕೊಂಡು ಓಡಿದರು. ನಾನು ಬಾಗಿಲಲ್ಲಿ ನಿಂತೆ. ವಾಪಸು ಬರುವಾಗ ಅವರು ಓಡುತ್ತಿರಲಿಲ್ಲ.

'ಏನಂದ್ರು?' ಎಂದೆ.

'ಅಲ್ಲೂ ಚಳಿಯಂತೆ.'

'ಅಷ್ಟೇನಾ?'

'ಗೆಣಸು ಮುಚ್ಚಿದ್ಯಾ? ಮೋಡ ಬರ್ತಿದೆ.'

ನಾನು ಹೋಗಿ ಗೆಣಸು ಮುಚ್ಚಿದೆ.

ಸುಮಿಯೆ

---

ಫೆಬ್ರವರಿ 4, 1982

ಸುಮಿ,

ಕೋಣೆಗೆ ಇಕಿ ದ್ವೀಪದ ಒಬ್ಬಳು ಹುಡುಗಿ ಬಂದಳು. ಕೆಲಸದಲ್ಲಿ ಚುರುಕು. ಮಾರ್ಚ್ ಕೊನೆಯವರೆಗೆ ಮಾತ್ರ ಎಂದು ಹೇಳಿದ್ದೇನೆ. ಅಷ್ಟರೊಳಗೆ ನೀನು ಬಾರದಿದ್ದರೆ ಆ ಹುಡುಗಿಯೇ ಇರಲಿ ಎನ್ನುತ್ತಾರೆ ನಿನ್ನ ಭಾವ. ನಾನು ಈ ಸಲ ಎದುರು ಮಾತಾಡಲಿಲ್ಲ.

ಹಾತ್ಸುಯೊ

---

ಮಾರ್ಚ್ 2, 1982

ಅಕ್ಕ,

ನಿನ್ನ ಕಾಗದ ಬಂದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಕೊಳೆತದ್ದನ್ನು ಒರಳಿನಲ್ಲಿ ಕುಟ್ಟಿ ಉಂಡೆ ಕಟ್ಟಿದಾಗ, ಮುಗಿಯಿತು ಎಂದು ಹಿಗ್ಗಿದ್ದೆ. 'ಈಗ ಒಣಗ್ಬೇಕು' ಎಂದರು ಅತ್ತೆ. ಎಷ್ಟು ದಿನ ಎಂದು ಕೇಳಿದರೆ, 'ಗಾಳಿನ ಕೇಳು' ಎಂದರು. ಒಣಗಿದ ಮೇಲೆ ಏನು ಎಂದರೆ, 'ಒಡೆದು ತೊಳಿಬೇಕು.' ತೊಳೆದ ಮೇಲೆ? 'ಮತ್ತೆ ತೊಳಿಬೇಕು.' ಸೆನ್ ಎಂದರೆ ಸಾವಿರ ಕೆಲಸ ಎಂದು ಊರವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಒಂದು ಬಾಗಿಲು ತೆರೆದರೆ ಒಳಗೆ ಇನ್ನೊಂದು ಬಾಗಿಲು.

ಮೊನ್ನೆ ತಾಳ್ಮೆ ಕೆಟ್ಟಿತು. ಅತ್ತೆ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದರು. ಕದ್ದು ಓಡುವುದಿಲ್ಲ ಎಂದವಳು ನಾನೇ, ಆದರೂ ಪೆಟ್ಟಿಗೆಯನ್ನೂ ಹಿಡಿಯದೆ, ಬರೀ ಕೈಚೀಲ ತೆಗೆದುಕೊಂಡು ಬಸ್ಸು ಹತ್ತಿದೆ. ಬಂದರಿನಲ್ಲಿ ಇಳಿದರೆ ಟಿಕೀಟು ಕೊಡುವ ಕಿಟಕಿಗೆ ಹಲಗೆ ನೇತುಹಾಕಿದ್ದರು. ಅಲೆ ಎದ್ದಿದೆ, ಇವತ್ತು ಹಡಗಿಲ್ಲ. ಕಿಟಕಿಯವನು, 'ನಾಳೆನೂ ಡೌಟೇ ಅಕ್ಕಾ' ಎಂದ. ಬೆಂಚಿನ ಮೇಲೆ ಕೂತೆ. ಮಳೆ ಶುರುವಾಯಿತು. ನಾನು ಆ ಹೊತ್ತಿನಲ್ಲಿ ಏನು ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಗೆಣಸಿನ ಉಂಡೆಗಳು ನೆನೆಯುತ್ತಿರುತ್ತವಲ್ಲ ಎಂದು ಯೋಚಿಸಿದೆ.

ಕೊನೆಯ ಬಸ್ಸಿಗೆ ವಾಪಸು ಬಂದೆ. ಉಂಡೆಗಳ ಮೇಲೆ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಇಟ್ಟಿತ್ತು. ಆ ಮಂಡಿ ಇಟ್ಟುಕೊಂಡು ಆ ಕಲ್ಲುಗಳನ್ನು ಹೇಗೆ ಎತ್ತಿದರೋ. ಒಳಗೆ ಎರಡು ಬಟ್ಟಲು ಬಡಿಸಿಟ್ಟು ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಕೇಳಿ ಎರಡು ಬೈದಿದ್ದರೆ ನಾನೂ ಎರಡು ಬೈಯುತ್ತಿದ್ದೆ, ಹಗುರಾಗುತ್ತಿತ್ತು. ಸಾರು ತಣ್ಣಗಾಗಿತ್ತು. ಅವರೂ ತಿಂದಿರಲಿಲ್ಲ.

ಹುಡುಗಿ ಚುರುಕಾಗಿದ್ದರೆ ಇಟ್ಟುಕೋ ಅಕ್ಕ.

ಸುಮಿಯೆ

---

ಮಾರ್ಚ್ 29, 1982

ಅಕ್ಕ,

ಇದನ್ನು ಕೂತು ಓದು.

ಸೆನ್ ಮುಗಿಯಿತು. ಒಡೆದು, ಬಟ್ಟೆಯಲ್ಲಿ ಸೋಸಿ, ನೀರು ಬದಲಿಸಿ ಬದಲಿಸಿ ತೊಳೆದು ನನ್ನ ಬೆರಳೆಲ್ಲ ಬಿರಿದಿವೆ. ಆ ಹೊಲಸು ನಾತ ಎಲ್ಲಿ ಹೋಯಿತೋ ಗೊತ್ತಿಲ್ಲ, ತಳದಲ್ಲಿ ನುಣ್ಣನೆಯ ಬೂದು ಹಿಟ್ಟು ಉಳಿಯಿತು. ಅದನ್ನು ಮೂರು ಬೆರಳಿನಿಂದ ಚಿವುಟಿ ಸಣ್ಣ ಸಣ್ಣ ಉಂಡೆ ಮಾಡಿ ಒಣಗಿಸುತ್ತಾರೆ. ಚಿವುಟಿದಾಗ ಒಂದು ತುದಿ ಮೇಲಕ್ಕೆ ಏಳುತ್ತದೆ, ಅದಕ್ಕೆ ಇಲ್ಲಿಯವರು ಅದನ್ನು ಮೂಗು ಎನ್ನುತ್ತಾರೆ. ಅತ್ತೆಯವು ಚೂಪು ಮೂಗು. ನನ್ನವು ನಿನ್ನ ಮೂಗಿನ ಹಾಗೆ ದಪ್ಪ.

ಒಣಗಿದ ಮೇಲೆ ಅತ್ತೆ ಸೊಂಟದ ಕೀ ಬಿಚ್ಚಿ ಕೊಟ್ಟರು. 'ಕಣಜದಲ್ಲಿ ಜಾಡಿ ಇದೆ. ನೀನೇ ಹೋಗಿ ಇಟ್ಟು ಬಾ.' ಆ ಕೀಯನ್ನು ನಾನು ಇದುವರೆಗೆ ಮುಟ್ಟಿದವಳಲ್ಲ. ಏಣಿ ಹತ್ತಿ ಒಳಗೆ ಹೋದೆ. ನನ್ನ ಎದೆಯೆತ್ತರದ ಜಾಡಿ. ಮುಚ್ಚಳ ತೆಗೆದರೆ ಕಂಠದವರೆಗೆ ಮೂಗುಗಳು. ಎಲ್ಲ ಚೂಪು ಮೂಗು. ಕೈ ಹಾಕಿದೆ, ಮೊಣಕೈವರೆಗೂ ಅವೇ. ಊರಿಗೆಲ್ಲ ಎಷ್ಟೋ ವರ್ಷ ಹಂಚಿದರೂ ಮುಗಿಯದಷ್ಟು.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದಾಗ ಮುಚ್ಚಳವನ್ನೂ ಮುಚ್ಚದೆ ಏಣಿ ಇಳಿದೆ.

'ಅತ್ತೆ, ಜಾಡಿ ತುಂಬಿದೆ.'

'ತುಂಬಿದೆ.'

'ಯಾವಾಗಿಂದ?'

'ತಳದಲ್ಲಿರೋದು ನಮ್ಮತ್ತೆ ಚಿವುಟಿದ್ದು. ಅದರ ಮೇಲಿಂದೆಲ್ಲ ನಂದು. ಒಣಗಿದ್ರೆ ಅದು ಕೆಡಲ್ಲ.'

'ಹಾಗಾದ್ರೆ ನಾನು ಅವತ್ತು ಎಸೆದಿದ್ದಕ್ಕೆ?'

'ಏನೂ ಆಗ್ತಿರ್ಲಿಲ್ಲ.'

ಅಕ್ಕ, ನಾನು ಕೂಗಾಡಿದೆ. ಈ ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡಿರಲಾರರು. ಮನೆಮನೆಗೆ ಬಾಗಿ ಬೇಡಿದ್ದು ನಾಟಕವೇ ಎಂದೆ. ನನ್ನ ಕೋಣೆ ಹೋಯಿತು, ಕೆಲಸ ಹೋಯಿತು, ಅಕ್ಕನೂ ಮಾತು ಬಿಟ್ಟಳು ಎಂದೆ. ಉಸಿರು ಕಟ್ಟಿ ನಾನೇ ನಿಲ್ಲಿಸಿದೆ.

'ನಾಟಕ ಅಲ್ಲ. ನೀನು ಹೋದ್ಮೇಲೆ ನಂಗೆ ಕೈಗೆ ಏನಾದ್ರೂ ಕೆಲಸ ಬೇಕಿತ್ತಲ್ಲ, ಅದಕ್ಕೇ ಗೆಣಸು ಕೇಳಕ್ಕೆ ಹೋದೆ. ನೀನು ಬುಟ್ಟಿ ಇಸ್ಕೊಂಡೆ. ಜಾಡಿ ಇದೆ ಅಂತ ಆಗ್ಲೇ ಹೇಳ್ಬೇಕಿತ್ತು. ಹೇಳಿದ್ರೆ ನೀನು ಬಸ್ ಹತ್ತಿಬಿಡ್ತಿದ್ದೆ.'

ಇಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನೆಲ ನೋಡುತ್ತಾ ಹೇಳಿದರು, 'ಅವನು ಬರಲ್ಲ. ಒಸಾಕಾದಲ್ಲಿ ಮನೆ ಮಾಡ್ಕೊಂಡಿದಾನೆ. ಅವಳಿಗೆ ಮಗು ಆಗೋದಿದೆ. ಹೊಸ ವರ್ಷಕ್ಕೆ ಫೋನಲ್ಲಿ ಹೇಳ್ದ.'

'ಅದನ್ನ ನನಗ್ಯಾಕೆ ಹೇಳ್ಲಿಲ್ಲ?'

'ಹೇಳಿದ್ರೂ ನೀನು ಬಸ್ ಹತ್ತಿಬಿಡ್ತಿದ್ದೆ.'

ನನಗೆ ಅಳು ಬಂತೋ ಇಲ್ಲವೋ ನೆನಪಿಲ್ಲ. ಅವರು ಎದ್ದು ಅಡುಗೆಮನೆಗೆ ಹೋದರು. ನನ್ನ ದಪ್ಪ ಮೂಗುಗಳನ್ನು ನೆನೆಸಿ, ನಾದಿ, ಉಂಡೆ ಮಾಡಿ, ಕೆಂಪು ಕಾಳಿನ ಬಿಸಿ ಪಾಯಸದಲ್ಲಿ ಹಾಕಿ ಮುಂದಿಟ್ಟರು. ಬೇಡ ಎನ್ನಬೇಕೆಂದಿದ್ದೆ. ಚಳಿಗಾಲ ಪೂರ್ತಿ ಸೆರೆಯಲ್ಲಿಟ್ಟದ್ದು ಬಾಯಲ್ಲಿ ಹೇಗಿರುತ್ತದೆ ನೋಡಿಯೇ ಬಿಡೋಣ ಎಂದು ತಿಂದೆ. ಕಪ್ಪಗೆ ಮಿರುಗುತ್ತಿತ್ತು. ನಾಲಿಗೆ ಮೇಲೆ ಜಾರಿತು, ಹಲ್ಲಿಗೆ ಸಿಕ್ಕರೆ ಪುಟಿಯಿತು. ರುಚಿ ಏನೂ ಇಲ್ಲ ಎನಿಸಿತು. ನುಂಗಿದ ಮೇಲೆ, ಎಲ್ಲ ಮುಗಿದ ಮೇಲೆ, ಸುಟ್ಟ ಮಣ್ಣಿನ ಮೇಲೆ ಮಳೆ ಬಿದ್ದಾಗಿನ ಒಂದು ವಾಸನೆ ಗಂಟಲಲ್ಲಿ ಉಳಿಯಿತು. ಬಟ್ಟಲು ಖಾಲಿ ಮಾಡಿದೆ, ಕೋಪ ಖಾಲಿಯಾಗಲಿಲ್ಲ.

ಅತ್ತೆ ಉಳಿದ ಮೂಗುಗಳನ್ನೆಲ್ಲ ಒಂದು ಬಟ್ಟೆಚೀಲಕ್ಕೆ ತುಂಬಿ ಬಾಯಿ ಕಟ್ಟಿದರು.

'ಜಾಡೀಲಿ ಜಾಗ ಇಲ್ಲ. ನಿಂದು ನೀನು ತಗೊಂಡು ಹೋಗು' ಎಂದರು.

ಭಾನುವಾರದ ಹಡಗಿಗೆ ಬರುತ್ತಿದ್ದೇನೆ. ಕೋಣೆ ಇಲ್ಲದಿದ್ದರೆ ಅಂಗಡಿಯ ಬೆಂಚಿನ ಮೇಲೆ ಮಲಗುತ್ತೇನೆ. ಅವರನ್ನು ಕ್ಷಮಿಸಿದೆ ಎಂದು ಬರೆಯಲು ಕೈ ಬರುತ್ತಿಲ್ಲ, ಬರೆಯುವುದೂ ಇಲ್ಲ.

ಸುಮಿಯೆ

---

ಹಕಾತಾ
ನವೆಂಬರ್ 8, 1982

ಕಿಯೊ ಅತ್ತೆಯವರಿಗೆ,

ವಿಚ್ಛೇದನದ ಕಾಗದಕ್ಕೆ ಮುದ್ರೆ ಒತ್ತಿ ಆಯಿತು. ನಿಮ್ಮನ್ನು ಈಗ ಏನೆಂದು ಕರೆಯಬೇಕೋ ತಿಳಿಯದೆ ಅತ್ತೆ ಎಂದೇ ಬರೆದಿದ್ದೇನೆ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಮಾತ್ಸು ಚಿಕ್ಕಮ್ಮ ಬರೆದಿದ್ದಳು. ಒಸಾಕಾದವರು ನಿಮಗೆ ಮಗುವನ್ನು ಇನ್ನೂ ತೋರಿಸಿಲ್ಲ ಎಂದೂ ಬರೆದಿದ್ದಳು.

ನಾನು ಚೆನ್ನಾಗಿದ್ದೇನೆ. ಇಕಿಯ ಹುಡುಗಿ ಮದುವೆಯಾಗಿ ಹೋದಳು, ಮೇಲಿನ ಕೋಣೆ ಈಗ ನನ್ನದು. ನಮ್ಮ ಸೆನ್ ಉಂಡೆಯನ್ನು ಅಕ್ಕ ತಿಂದು, 'ರುಚಿನೇ ಇಲ್ವಲ್ಲೇ ಇದಕ್ಕೆ' ಎಂದಳು. ಎಂದವಳು ಮೂರನೆಯ ಬಟ್ಟಲಿಗೂ ಕೈ ಚಾಚಿದಳು. ಚೀಲ ಮುಗಿಯುತ್ತಾ ಬಂದಿದೆ.

ಚಳಿಗಾಲ ಬಂತು. ನನ್ನ ಕೋಣೆಗೆ ಮಧ್ಯಾಹ್ನದವರೆಗೆ ಬಿಸಿಲು ಬರುತ್ತದೆ. ಇಬ್ಬರು ಮಲಗಬಹುದು. ನೀವು ವಸಂತದವರೆಗೆ ಇಲ್ಲಿರಿ. ಅಕ್ಕ ಒಪ್ಪಿದ್ದಾಳೆ, 'ಬೈಯೋಕೆ ಇನ್ನೊಬ್ಬರು ಸಿಕ್ತಾರೆ' ಎನ್ನುತ್ತಾಳೆ. ಜಾಡಿ ತುಂಬಿದೆ, ಈ ವರ್ಷ ಗೆಣಸು ಹರಡುವ ಅಗತ್ಯವಿಲ್ಲ. ಹಡಗಿನ ಟಿಕೀಟು ಇದರೊಳಗೆ ಇಟ್ಟಿದ್ದೇನೆ. ನಾನು ಬಂದರಿನಲ್ಲಿ ನಿಂತಿರುತ್ತೇನೆ.

ಇನ್ನೂ ಕೋಪವಿದೆ. ಎದುರಿಗೆ ಬಂದರೆ ಅದನ್ನೂ ತೀರಿಸಿಕೊಳ್ಳುತ್ತೇನೆ.

ಸುಮಿಯೆ

---

ನವೆಂಬರ್ 19

ಸುಮಿಯೆಗೆ,

ನಂಗೆ ಬರೆಯಕ್ಕೆ ಸರಿಯಾಗಿ ಬರಲ್ಲ. ಬಾಯಲ್ಲಿ ಬಂದ ಹಾಗೆ ಬರೀತೀನಿ.

ಟಿಕೀಟು ವಾಪಸ್ ಕಳಿಸಿದೀನಿ. ದುಡ್ಡು ದಂಡ ಮಾಡ್ಬೇಡ.

ಮಾತ್ಸು ಗೆಣಸು ಕೊಟ್ಳು. ಹೆಚ್ಚಿದೆ, ನೆನೆಹಾಕ್ದೆ, ಚಾಪೆ ಮೇಲೆ ಹರಡಿನೂ ಆಯ್ತು. ಈಗ ಬಿಟ್ಟು ಬರೋ ಹಾಗಿಲ್ಲ. ಜಾಡಿ ತುಂಬಿದ್ಯಲ್ಲ ಅಂತ ನೀನು ಕೇಳ್ತೀಯ. ತುಂಬಿದೆ. ಇನ್ನೊಂದು ಜಾಡಿ ತಂದಿದೀನಿ.

ಗಾಳಿ ತಿರುಗ್ತು. ಬೆಳಿಗ್ಗೆ ಎದ್ದ ತಕ್ಷಣ ಹಿತ್ತಲಿಗೆ ಹೋಗಿ ನೋಡ್ತೀನಿ. ಚಾಪೆ ಮೇಲೆ ಎಲ್ಲಾ ಇಟ್ಟ ಹಾಗೇ ಇರುತ್ತೆ. ಈ ಸಲ ಎಸೆಯೋರು ಯಾರೂ ಇಲ್ಲ.

ಕಿಯೊ